ಕೈಕು, ಭಾಯಿ?

ನಮ್ಮ ಮನೆಯಲ್ಲಿ ಮಾತು ಉರ್ದು. ಪುಸ್ತಕದ ಉರ್ದು ಅಲ್ಲ, ದಾವಣಗೆರೆಯ ನಮ್ಮ ಓಣಿಯ ದಖ್ಖನಿ. ಅದರಲ್ಲಿ 'ಯಾಕೆ' ಎಂದು ಕೇಳಬೇಕಾದರೆ 'ಕೈಕು' ಎನ್ನುತ್ತೇವೆ. ಈ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾನು ಅತಿ ಹೆಚ್ಚು ಸಲ ಹೇಳಿದ ಪದ ಅದೇ ಇರಬೇಕು. ಕೇಳಿಸಿಕೊಂಡವನು ನನ್ನ ಅಣ್ಣ. ನಾನು ಅವನನ್ನು ಭಾಯಿ ಎನ್ನುತ್ತೇನೆ. 'ಬರಿ, ಆದರೆ ನನ್ನ ಹೆಸರು ಹಾಕಬೇಡ' ಎಂದು ಅವನು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಆಡಿದ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ, ಆ ಒಂದು ಪದ ಬಿಟ್ಟು.

ಭಾಯಿ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ. ಹೆಚ್ಚಾಗಿ ರಾತ್ರಿ ಪಾಳಿ. ಬೇರೆ ಬೇರೆ ಊರಿನ ಶಾಖೆಗಳ ನೆಟ್‌ವರ್ಕ್ ಸರಿಯಾಗಿದೆಯೇ ಎಂದು ಪರದೆ ನೋಡುತ್ತಾ ಕೂರುವುದು ಅವನ ಕೆಲಸ. ಎಲ್ಲಾದರೂ ಹಸಿರು ಚುಕ್ಕೆ ಕೆಂಪಾದರೆ ಟಿಕೆಟ್ ಬರೆದು, ಸರಿ ಮಾಡುವವರಿಗೆ ಫೋನ್ ಮಾಡಿ ಎಬ್ಬಿಸಬೇಕು. ತಾನೇ ಕೈ ಹಾಕುವಂತಿಲ್ಲ. ಎಬ್ಬಿಸುವವನ ಜಾಗದಿಂದ ಎಬ್ಬಿಸಿಕೊಳ್ಳುವವನ ಜಾಗಕ್ಕೆ ಹೋಗಲು ಒಂದು ಸರ್ಟಿಫಿಕೇಟ್ ಇದ್ದರೆ ದಾರಿ ಸುಲಭ ಎಂದು ಅಲ್ಲಿ ಎಲ್ಲರೂ ಹೇಳುತ್ತಾರಂತೆ. ಅದು ಸಿಸ್ಕೊ ಕಂಪನಿಯ ಸಿಸಿಎನ್‌ಪಿ. 2020ರಿಂದ ಅದಕ್ಕೆ ಎರಡು ಪರೀಕ್ಷೆ: ಒಂದು ಎಲ್ಲರಿಗೂ ಇರುವ ಮೂಲ ಪರೀಕ್ಷೆ, ಇನ್ನೊಂದು ನಾವೇ ಆರಿಸಿಕೊಳ್ಳುವ ವಿಷಯದ್ದು. ಮೊದಲನೆಯದನ್ನು ಭಾಯಿ ಕಳೆದ ವರ್ಷವೇ ಪಾಸ್ ಮಾಡಿದ್ದ. ಎರಡನೆಯದಕ್ಕೆ ಅಡ್ವಾನ್ಸ್ಡ್ ರೌಟಿಂಗ್ ಆರಿಸಿಕೊಂಡ. ಅದನ್ನು ಎನಾರ್ಸಿ ಎನ್ನುತ್ತಾರೆ. ನಂಬರು 300-410, ಸಮಯ 90 ನಿಮಿಷ, ಶುಲ್ಕ 300 ಡಾಲರ್. ತೆರಿಗೆ ಸೇರಿದರೆ ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರದ ಹತ್ತಿರ.

ಅಬ್ಬಾ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾರೆ. ಒಂದು ಮಷಿನ್ ಪೂರ್ತಿ ಸರ್ವಿಸ್ ಮಾಡಿದರೆ ಮುನ್ನೂರು ರೂಪಾಯಿ. ನಾನು ಕಾಮರ್ಸ್ ಹುಡುಗಿ, ಸುಮ್ಮನಿರಲಾರದೆ ಭಾಗಿಸಿ ನೋಡಿದೆ. ನೂರು ಮಷಿನ್.

ಏಪ್ರಿಲ್ ಕೊನೆಯಲ್ಲಿ ಭಾಯಿ ಹತ್ತು ದಿನ ರಜೆ ಹಾಕಿ ಮನೆಗೆ ಬಂದ. ಮೊಬೈಲ್‌ನಲ್ಲಿ ಒಂದು ಪಿಡಿಎಫ್ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು, 'ನೀನು ಪ್ರಶ್ನೆ ಓದು, ನಾನು ಉತ್ತರ ಹೇಳ್ತೀನಿ' ಎಂದ. ನನಗೂ ರಜೆ. ಮಹಡಿಯ ಮೆಟ್ಟಿಲ ಮೇಲೆ ಕೂತು ಓದತೊಡಗಿದೆ. ಓದಿದ್ದು ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೆ ಭಾಯಿ ಫಟಾಫಟ್ ಉತ್ತರ ಹೇಳುತ್ತಿದ್ದ. ನಾನು ಪ್ರಶ್ನೆ ಮುಗಿಸುವ ಮೊದಲೇ 'ಸಿ', ಮುಂದಿನದಕ್ಕೆ 'ಎ ಮತ್ತು ಡಿ'. ನನಗೆ ಹೆಮ್ಮೆಯೋ ಹೆಮ್ಮೆ. ಮೂರನೇ ದಿನ ಬೇಜಾರಾಗಿ, ತಮಾಷೆಗೆಂದು ಆಯ್ಕೆಗಳ ಕ್ರಮ ಬದಲಿಸಿ ಓದಿದೆ. ಸಿ ಇದ್ದದ್ದನ್ನು ಬಿ ಮಾಡಿದೆ. ಭಾಯಿ ಕಣ್ಣು ಮುಚ್ಚಿಕೊಂಡು 'ಸಿ' ಎಂದ.

ಇಂಥ ಪಿಡಿಎಫ್‌ಗಳಿಗೆ ಡಂಪ್ ಎನ್ನುತ್ತಾರೆ. ಪರೀಕ್ಷೆ ಬರೆದು ಬಂದವರು ನೆನಪಿಟ್ಟುಕೊಂಡು ಹೊರಗೆ ತಂದ ಪ್ರಶ್ನೆಗಳು, ದುಡ್ಡಿಗೆ ಮಾರುವವರಿದ್ದಾರೆ. ಪರೀಕ್ಷೆಗೆ ಕೂರುವ ಮುನ್ನ ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಕೂರಬೇಕು. ಡಂಪ್ ಬಳಸಿ ಸಿಕ್ಕಿಬಿದ್ದರೆ ಸರ್ಟಿಫಿಕೇಟೂ ಹೋಗಬಹುದು, ಮುಂದೆ ಪರೀಕ್ಷೆಗೆ ಬಿಡದೆಯೂ ಇರಬಹುದು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆದರೆ ಆ 'ಸಿ' ಕೇಳಿದ ದಿನವೇ ಏನೋ ಸರಿಯಿಲ್ಲ ಎನ್ನುವುದು ಗೊತ್ತಾಗಿತ್ತು. ನಾನು ಹೇಳಲಿಲ್ಲ. ಹೇಳದೇ ಇರಲು ಕಾರಣವಿತ್ತು. ಪ್ರಥಮ ಪಿಯುಸಿಯಲ್ಲಿ ಡಿಪ್ರಿಸಿಯೇಷನ್ ಲೆಕ್ಕವನ್ನು ಅಂಕಿಗಳ ಸಮೇತ ಬಾಯಿಪಾಠ ಮಾಡಿಕೊಂಡು ಹೋಗಿದ್ದವಳು ನಾನೇ. ಪರೀಕ್ಷೆಯಲ್ಲಿ ಮಷಿನ್ ಕೊಂಡ ದಿನಾಂಕವನ್ನು ಏಪ್ರಿಲ್ 1ರಿಂದ ಅಕ್ಟೋಬರ್ 1ಕ್ಕೆ ಬದಲಿಸಿದ್ದರು. ನಾನು ಆರು ತಿಂಗಳ ಬದಲು ಇಡೀ ವರ್ಷದ ಡಿಪ್ರಿಸಿಯೇಷನ್ ಬರೆದು ಬಂದಿದ್ದೆ. ಇಂಥವಳು ಭಾಯಿಗೆ ಏನು ಬುದ್ಧಿ ಹೇಳುವುದು?

ಮೇ ತಿಂಗಳಲ್ಲಿ ಭಾಯಿ ಪರೀಕ್ಷೆ ಬರೆದ. ಫೇಲ್.

ಆ ಪರೀಕ್ಷೆಯಲ್ಲಿ ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಬರುವಂತಿಲ್ಲ. ಪಿಡಿಎಫ್‌ನಲ್ಲಿ ಇದ್ದಂಥವೇ ಕೆಲವು ಪ್ರಶ್ನೆಗಳು ಬಂದವಂತೆ, ಆದರೆ ಒಂದೊಂದು ಸಾಲು ಬೇರೆ. ಮಾಡಿ ತೋರಿಸಬೇಕಾದ ಲ್ಯಾಬ್ ಬಂದಾಗ ಕೈ ನಿಂತೇ ಹೋಯಿತಂತೆ. ಫಲಿತಾಂಶದ ಹಾಳೆಯಲ್ಲಿ ನಾಲ್ಕು ವಿಭಾಗಕ್ಕೆ ಬೇರೆ ಬೇರೆ ಶೇಕಡಾವಾರು ಇರುತ್ತದೆ. ಎಲ್ಲಕ್ಕಿಂತ ದೊಡ್ಡದು, ಅಂದರೆ ಇಡೀ ಪರೀಕ್ಷೆಯ ಶೇ. 35ರಷ್ಟು ತೂಗುವುದು, ರೌಟಿಂಗ್ ಭಾಗ. ಅದರಲ್ಲೇ ಭಾಯಿಗೆ ಎಲ್ಲಕ್ಕಿಂತ ಕಡಿಮೆ ಬಂದಿತ್ತು.

ಫೇಲಾದ ಮರುದಿನದಿಂದ ಐದು ದಿನ ಕಳೆದರೆ ಮತ್ತೆ ಬರೆಯಬಹುದು ಎನ್ನುವುದು ನಿಯಮ. ಐದು ದಿನದಲ್ಲಿ ಮೂವತ್ತು ಸಾವಿರ ಎಲ್ಲಿಂದ ಬರುತ್ತದೆ ಎನ್ನುವುದು ನಿಯಮದಲ್ಲಿಲ್ಲ. ಗುತ್ತಿಗೆ ಡಿಸೆಂಬರ್‌ಗೆ ಮುಗಿಯುತ್ತದೆ. ಅಮ್ಮಿ ಒಂದು ಚೀಟಿ ಕಟ್ಟುತ್ತಿದ್ದರು, ನನ್ನ ಸಿಎ ಫೌಂಡೇಷನ್ ಕೋಚಿಂಗಿಗೆಂದು. ಜೂನ್ ಬ್ಯಾಚಿಗೆ ಸೇರುವುದೆಂದು ಮಾತಾಗಿತ್ತು. ಆ ಚೀಟಿ ಎತ್ತಿ ಭಾಯಿಗೆ ಕೊಡುವುದೆಂದು ಒಂದು ರಾತ್ರಿ ಊಟದ ದಸ್ತರ್‌ಖಾನ್ ಮೇಲೆ ತೀರ್ಮಾನವಾಯಿತು. ನನ್ನನ್ನು ಕೇಳಿದರು ಎಂದೇ ಹೇಳಬೇಕು, ಆದರೆ ಕೇಳಿದ ರೀತಿಯಲ್ಲಿ 'ಇಲ್ಲ' ಎನ್ನಲು ಜಾಗವಿರಲಿಲ್ಲ. ಹೆಣ್ಣುಮಕ್ಕಳಿಗೆ ಈ ರೀತಿ ಪರಿಚಯವಿರುತ್ತದೆ.

ನಾನು ಕೈ ತೊಳೆದು ಎದ್ದೆ. ಏಳುವಾಗ ಬಾಯಿ ಬಿಟ್ಟೆ. 'ಎ ಬಿ ಸಿ ಡಿ ಬಾಯಿಪಾಠ ಮಾಡೋಕೆ ನನ್ನ ಕೋಚಿಂಗ್ ದುಡ್ಡು ಬೇಕಾ?' ಎಂದೆ. ಅಬ್ಬಾಗೆ ಅರ್ಥವಾಗಲಿಲ್ಲ. ಭಾಯಿಗೆ ಅರ್ಥವಾಯಿತು. ಅವನ ಮುಖ ಹೇಗಾಯಿತೆಂದು ಬರೆಯಲು ನನಗೆ ಇಷ್ಟವಿಲ್ಲ.

ಎರಡು ದಿನ ಮಾತಿಲ್ಲ. ಮೂರನೇ ದಿನ ಅವನೇ ಮೆಟ್ಟಿಲ ಹತ್ತಿರ ಬಂದು ಪಿಡಿಎಫ್ ಅಳಿಸಿದ್ದನ್ನು ತೋರಿಸಿದ. ನಾನು ತೋರಿಸು ಎಂದಿರಲಿಲ್ಲ. ಆಮೇಲೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಪ್ರತಿ ಶನಿವಾರ, ಭಾನುವಾರ ಅವನು ಊರಿಗೆ ಬರಬೇಕು, ಒಂದೊಂದು ಪಾಠವನ್ನೂ ನನಗೆ ಅರ್ಥವಾಗುವಂತೆ ಹೇಳಬೇಕು. ನಾನು ಸಿಇಬಿಎ ಓದುವವಳು, ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ರೌಟರ್ ಎಂದರೇನು ಎಂದು ನಾಲ್ಕು ಸಾಲು ಓದಿರುವುದು ಬಿಟ್ಟರೆ ಏನೂ ಗೊತ್ತಿಲ್ಲ. ನನ್ನ ಕೆಲಸ 'ಕೈಕು' ಎನ್ನುವುದು ಮಾತ್ರ. ಅವನಿಗೆ ಉತ್ತರ ಬರದಿದ್ದರೆ ಆ ಪಾಠ ಬಾಕಿ. ಅದಕ್ಕೊಂದು ಲೆಡ್ಜರ್ ಮಾಡಿದೆ. ಎಡಕ್ಕೆ ಅವನು ಹೇಳಿದ್ದು, ಬಲಕ್ಕೆ ನನಗೆ ಅರ್ಥವಾದದ್ದು. ವಾರದ ಕೊನೆಗೆ ಉಳಿದ ಬಾಕಿ ಮುಂದಿನ ವಾರಕ್ಕೆ.

ಓದಿನ ಸಾಮಾನು ಏನೇನೂ ಇರಲಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ರೌಟರ್‌ಗಳನ್ನು ಸಾಫ್ಟ್‌ವೇರಿನಲ್ಲೇ ಓಡಿಸುವ ಜಿಎನ್‌ಎಸ್3. ನಾಲ್ಕು ರೌಟರ್ ಓಡಿಸಿದರೆ ಫ್ಯಾನ್ ಅಬ್ಬಾರ ಮಷಿನ್‌ನಂತೆ ಸದ್ದು ಮಾಡುತ್ತಿತ್ತು, ಐದನೆಯದಕ್ಕೆ ಲ್ಯಾಪ್‌ಟಾಪ್ ನಿಂತೇಬಿಡುತ್ತಿತ್ತು. ಚಿತ್ರ ಬರೆಯಲು ಅಂಗಡಿಯ ಹಳೆಯ ಬಿಲ್ ಪುಸ್ತಕದ ಹಿಂಬದಿ.

ಮೊದಲ ದಿನವೇ ಜಗಳ. ಓಎಸ್‌ಪಿಎಫ್ ಎನ್ನುವ ಪದ್ಧತಿಯಲ್ಲಿ ಪ್ರತಿ ರೌಟರ್ ಊರಿನ ಪೂರ್ತಿ ನಕ್ಷೆ ಇಟ್ಟುಕೊಂಡು, ತನ್ನಿಂದ ಎಲ್ಲ ಕಡೆಗೂ ಹತ್ತಿರದ ದಾರಿ ಲೆಕ್ಕ ಹಾಕುತ್ತದೆ. ಆ ಲೆಕ್ಕ ಡೈಕ್‌ಸ್ಟ್ರಾ ಎನ್ನುವ ಡಚ್ ವಿಜ್ಞಾನಿಯದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಅವರಿಗೆ ಅದು ಹೊಳೆಯಿತಂತೆ. ಅವರಿಗೆ ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ನಮ್ಮಿಬ್ಬರಿಗೆ ಅರ್ಥವಾಗಲು ಎರಡು ಭಾನುವಾರ ಹಿಡಿಯಿತು. ಭಾಯಿಗೆ ಲೆಕ್ಕ ಬರುತ್ತದೆ ಎಂದು ಅವನು ಅಂದುಕೊಂಡಿದ್ದ. ನಾನು ಮೂರನೇ 'ಕೈಕು' ಕೇಳುವಷ್ಟರಲ್ಲಿ ಪೆನ್ಸಿಲ್ ಎಸೆದು ಎದ್ದುಹೋದ. ಹತ್ತು ನಿಮಿಷ ಬಿಟ್ಟು ಚಹಾ ತಂದುಕೊಟ್ಟು ಮತ್ತೆ ಕೂತ.

ನನಗೆ ಇಷ್ಟವಾದದ್ದು ಎರಡು ರೌಟರ್‌ಗಳು ಪರಿಚಯ ಮಾಡಿಕೊಳ್ಳುವ ಪಾಠ. ಒಂದು 'ಹಲೋ' ಕಳಿಸುತ್ತದೆ, ಇನ್ನೊಂದು ಹಲೋ ಎನ್ನುತ್ತದೆ, ಆಮೇಲೆ ತಮ್ಮಲ್ಲಿರುವ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಎಲ್ಲ ಮುಗಿದರೆ ಪರದೆಯಲ್ಲಿ 'ಫುಲ್' ಎಂದು ಬರುತ್ತದೆ. ಒಮ್ಮೆ ಭಾಯಿಯ ಲ್ಯಾಬ್‌ನಲ್ಲಿ ಎರಡು ರೌಟರ್ ಹಲೋ ಹೇಳಿ, ಒಂದನ್ನೊಂದು ಗುರುತಿಸಿ, ಅಲ್ಲೇ ಸಿಕ್ಕಿಹಾಕಿಕೊಂಡವು. ಒಂದು ಗಂಟೆ ಹುಡುಕಿದ. ಕೊನೆಗೆ ನೋಡಿದರೆ ಒಂದರ ಬಾಗಿಲಿನ ಗಾತ್ರ 1500 ಬೈಟ್, ಇನ್ನೊಂದರದ್ದು 1400. ಹಲೋ ಸಣ್ಣದು, ದಾಟುತ್ತದೆ. ಪಟ್ಟಿ ಬದಲಿಸಿಕೊಳ್ಳುವಾಗ ಪ್ರತಿಯೊಂದೂ ತನ್ನ ಗಾತ್ರ ಹೇಳಬೇಕು, ಆಗ ಚಿಕ್ಕ ಬಾಗಿಲಿನದು ದೊಡ್ಡದರ ಪಟ್ಟಿಯನ್ನು ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ಬಾಬಿನ್ ಕೇಸ್ ಒರೆಸುತ್ತಾ ಕೂತಿದ್ದ ಅಬ್ಬಾ, 'ಹದಿನಾಲ್ಕು ನಂಬರ್ ಸೂಜಿಗೆ ಜೀನ್ಸ್ ದಾರ ಹಾಕಿದ ಹಾಗೆ' ಎಂದರು. ಅಲ್ಲಿಯವರೆಗೆ ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ಅಬ್ಬಾ ಒಂದು ಮಾತು ಕೇಳಿದರು. 'ಸೂಜಿ ಮುರಿದರೆ ಸೂಜಿ ಬದಲಿಸೋದು ಗಿರಾಕಿಗೂ ಬರುತ್ತೆ. ನಿನ್ನ ಪರೀಕ್ಷೆಯಲ್ಲಿ ಬದಲಿಸೋದು ಕೇಳ್ತಾರಾ, ಯಾಕೆ ಮುರೀತು ಅಂತ ಕೇಳ್ತಾರಾ?' ಭಾಯಿ ಸ್ವಲ್ಪ ಹೊತ್ತು ಬಿಟ್ಟು, 'ಯಾಕೆ ಅಂತ' ಎಂದ. ಅದು ನಿಜ. ಎನಾರ್ಸಿಯ ಪಠ್ಯಕ್ರಮ ತೆರೆದರೆ ಸಾಲು ಸಾಲಿಗೂ ಕಾಣುವ ಪದ ಟ್ರಬಲ್‌ಶೂಟ್.

ಬಿಜಿಪಿ ಪಾಠಕ್ಕೆ ಬಂದಾಗ ನನಗೊಂದು ಹಳೆಯ ರಾತ್ರಿ ನೆನಪಾಯಿತು. ನಿಮಗೂ ನೆನಪಿರಬಹುದು. 2021ರ ಅಕ್ಟೋಬರ್ 4. ನಾನು ಎಂಟನೇ ತರಗತಿ. ರಾತ್ರಿ ಒಂಬತ್ತು ದಾಟಿದ ಮೇಲೆ ಹೋಂವರ್ಕ್ ಕೇಳಲು ವಾಟ್ಸ್‌ಆ್ಯಪ್ ತೆರೆದರೆ ಏನೂ ಹೋಗುತ್ತಿಲ್ಲ. ಅಮ್ಮಿ ನೆಟ್ ಪ್ಯಾಕ್ ಮುಗಿಯಿತೆಂದು ನನ್ನನ್ನೇ ಬೈದರು. ಆವತ್ತು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಜಗತ್ತಿನ ಎಲ್ಲ ಕಡೆ ಆರು ಗಂಟೆಯಷ್ಟು ನಿಂತಿದ್ದವು. ಅವರದೇ ಜನ ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಅವರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕ ಕಡಿಯಿತು. ಆಮೇಲೆ ಅವರ ಹೆಸರು-ವಿಳಾಸ ಹೇಳುವ ಸರ್ವರ್‌ಗಳು 'ನಮ್ಮ ಕಡೆಗೆ ದಾರಿ ಇಲ್ಲಿದೆ' ಎಂದು ಬಿಜಿಪಿಯ ಮೂಲಕ ಹೇಳುವುದನ್ನೇ ನಿಲ್ಲಿಸಿದವು. ಕಟ್ಟಡ ಇತ್ತು, ಕಂಪ್ಯೂಟರ್‌ಗಳಿದ್ದವು, ದಾರಿ ಹೇಳುವವರು ಇರಲಿಲ್ಲ. ಇಂಟರ್‌ನೆಟ್ ನಡೆಯುವುದೇ ಒಬ್ಬರು ಹೇಳಿದ ದಾರಿಯನ್ನು ಇನ್ನೊಬ್ಬರು ನಂಬುವುದರಿಂದ ಎಂದು ನನಗೆ ಆವತ್ತು ಗೊತ್ತಾಯಿತು. ಅಮ್ಮಿಗೆ ನಾಲ್ಕು ವರ್ಷ ತಡವಾಗಿ ಹೇಳಿದೆ, ಪ್ಯಾಕ್ ಖಾಲಿ ಮಾಡಿದ್ದು ನಾನಲ್ಲ ಎಂದು.

ನಮ್ಮ ಲೆಡ್ಜರ್‌ನಲ್ಲಿ ಬಾಕಿ ಉಳಿದು ಉಳಿದು ಮುಂದೆ ಹೋಗುತ್ತಿದ್ದದ್ದು ರೀಡಿಸ್ಟ್ರಿಬ್ಯೂಷನ್. ಅಂದರೆ ಎರಡು ಬೇರೆ ಪದ್ಧತಿಯ ರೌಟರ್‌ಗಳು ಒಂದರ ಸುದ್ದಿಯನ್ನು ಇನ್ನೊಂದಕ್ಕೆ ದಾಟಿಸುವುದು. ಇಲ್ಲಿ ನಂಬಿಕೆಗೂ ಅಂಕಿ ಇದೆ. ಸಿಸ್ಕೊದ ರೌಟರ್‌ನಲ್ಲಿ ಓಎಸ್‌ಪಿಎಫ್ ಹೇಳಿದ್ದಕ್ಕೆ 110, ಇಐಜಿಆರ್‌ಪಿ ಎನ್ನುವ ಪದ್ಧತಿ ತನ್ನದೇ ಊರಿನ ಬಗ್ಗೆ ಹೇಳಿದ್ದಕ್ಕೆ 90, ಹೊರಗಿಂದ ಕೇಳಿ ಹೇಳಿದ್ದಕ್ಕೆ 170. ಅಂಕಿ ಕಡಿಮೆಯಿದ್ದಷ್ಟೂ ನಂಬಿಕೆ ಹೆಚ್ಚು. ಭಾಯಿ ಬಿಲ್ ಪುಸ್ತಕದ ಹಿಂದೆ ಚೌಕವಾಗಿ ನಾಲ್ಕು ರೌಟರ್ ಬರೆದ. ಮೇಲಿನದು ನಾಲ್ಕನೆಯದು, ಎಡಕ್ಕೆ ಒಂದು, ಬಲಕ್ಕೆ ಎರಡು, ಕೆಳಗೆ ಮೂರು. ಮೇಲಿನ ಅರ್ಧ ಇಐಜಿಆರ್‌ಪಿ, ಕೆಳಗಿನ ಅರ್ಧ ಓಎಸ್‌ಪಿಎಫ್. ನಾಲ್ಕನೆಯದರ ಆಚೆ ಇರುವ ಹೊರಗಿನ ನೆಟ್‌ವರ್ಕ್‌ಗೆ ಎರಡನೆಯದರಿಂದ ಪಿಂಗ್ ಮಾಡಿದ. ಉತ್ತರ ಬಂತು. 'ಪಿಂಗ್ ಹೋಗ್ತಿದೆ, ಸರಿ ಇದೆ' ಎಂದು ಪುಟ ತಿರುಗಿಸಹೊರಟ.

ನನಗೆ ಆ ವಾರ ಕಾಲೇಜಿನಲ್ಲಿ ಹಳೆಯ ಪಾಠದ ಪುನರಾವರ್ತನೆ ಆಗಿತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದಲ್ಲಿ ತಪ್ಪಿರಬಹುದು, ಒಂದು ಖಾತೆಗೆ ಹೋಗಬೇಕಾದದ್ದು ಇನ್ನೊಂದು ಖಾತೆಗೆ ಹೋಗಿದ್ದರೂ ಮೊತ್ತ ಹೊಂದುತ್ತದೆ ಎಂದು ನಮ್ಮ ಅಕೌಂಟೆನ್ಸಿ ಮೇಡಂ ಹೇಳಿದ್ದರು. 'ಮೊತ್ತ ಹೊಂದಿದೆ ಅಂದ್ರೆ ಸರಿಯಾದ ದಾರೀಲೇ ಹೋಗಿದೆ ಅಂತ ಕೈಕು ಅಂತೀಯಾ?' ಎಂದೆ. ಭಾಯಿ ನನ್ನ ಮುಖ ನೋಡಿ ಟ್ರೇಸ್‌ರೌಟ್ ಹಾಕಿದ. ಎರಡನೆಯ ರೌಟರ್‌ನ ಪಕ್ಕದಲ್ಲೇ ನಾಲ್ಕನೆಯದು ಇದೆ. ಆದರೂ ಪೊಟ್ಟಣ ಕೆಳಗಿಳಿದು ಮೂರಕ್ಕೆ, ಅಲ್ಲಿಂದ ಒಂದಕ್ಕೆ, ಅಲ್ಲಿಂದ ನಾಲ್ಕಕ್ಕೆ, ಇಡೀ ಚೌಕ ಸುತ್ತಿ ಹೋಗುತ್ತಿತ್ತು.

ಕೈಕು? ನಾಲ್ಕನೆಯದು ಎರಡನೆಯದಕ್ಕೆ ನೇರವಾಗಿ ಹೇಳಿದ್ದು ಹೊರಗಿನ ಸುದ್ದಿ, ಅದರ ಅಂಕಿ 170. ಅದೇ ಸುದ್ದಿ ಒಂದನೆಯದರ ಮೂಲಕ ಓಎಸ್‌ಪಿಎಫ್ ಆಗಿ ಸುತ್ತಿ ಬಂದಾಗ ಅದರ ಅಂಕಿ 110. ಎರಡನೆಯದು ಪಕ್ಕದ ಮನೆಯವರ ನೇರ ಮಾತು ಬಿಟ್ಟು, ಬೀದಿ ಸುತ್ತಿ ಬಂದ ಮಾತನ್ನು ನಂಬಿತು. ಭಾಯಿಗೆ ಅಂಕಿಗಳು ಮೊದಲೇ ಗೊತ್ತಿದ್ದವು, ಏಪ್ರಿಲ್‌ನಲ್ಲಿ ಬಾಯಿಪಾಠ ಒಪ್ಪಿಸಿದ್ದ. ಅವು ಹೀಗೆ ಕೆಲಸ ಮಾಡುತ್ತವೆ ಎನ್ನುವುದನ್ನು ಆವತ್ತೇ ಕಣ್ಣಾರೆ ಕಂಡದ್ದು.

ನನಗೆ ನಗು ಬಂತು. ಕಳೆದ ವರ್ಷ ಅಬ್ಬಾ ಶಟರ್ ರಿಪೇರಿಗೆಂದು ಎರಡು ದಿನ ಅಂಗಡಿ ಮುಚ್ಚುತ್ತೇನೆ ಎಂದು ಮನೆಯಲ್ಲಿ ಹೇಳಿದ್ದರು. ಅಮ್ಮಿ ಅದನ್ನು ಚಾಚಿಗೆ ಹೇಳಿದರು. ಸಂಜೆಗೆ ಖಾಲಾ ಫೋನ್ ಮಾಡಿ, ಅಂಗಡಿ ಮಾರಿಬಿಟ್ಟಿರಂತೆ ಎಂದಾಗ ಅಮ್ಮಿಯೂ ಗಾಬರಿಯಾಗಿ, 'ನನಗೂ ಹೇಳದೆ ಮಾರಿದಿರಾ?' ಎಂದು ಅಬ್ಬಾರನ್ನು ಕೇಳಿದ್ದರು. ಇದಕ್ಕೆ ರೌಟರ್‌ನಲ್ಲಿ ಮದ್ದಿದೆ. ಸುದ್ದಿ ದಾಟಿಸುವಾಗ ಅದಕ್ಕೊಂದು ಟ್ಯಾಗ್ ಅಂಟಿಸುವುದು, ಆ ಟ್ಯಾಗ್ ಇರುವ ಸುದ್ದಿ ಆ ಕಡೆಯಿಂದ ಬಂದರೆ ನಂಬಬೇಡ ಎಂದು ಇನ್ನೊಂದು ರೌಟರ್‌ಗೆ ಹೇಳಿಡುವುದು. ಭಾಯಿ ಟ್ಯಾಗ್ ಹಾಕಿ ಮತ್ತೆ ಟ್ರೇಸ್‌ರೌಟ್ ಮಾಡಿದ. ಪೊಟ್ಟಣ ನೇರ ಪಕ್ಕದ ಮನೆಗೆ ಹೋಯಿತು. ರಾತ್ರಿ ಒಂದೂವರೆ ಗಂಟೆ. ಇಬ್ಬರೂ ಕೂಗಿಕೊಂಡದ್ದಕ್ಕೆ ಅಮ್ಮಿ ಒಳಗಿನಿಂದ ಚಪ್ಪಲಿ ತೋರಿಸುತ್ತೇನೆ ಎಂದರು. ಲೆಡ್ಜರ್‌ನಲ್ಲಿ ಆ ಖಾತೆ ಮುಚ್ಚಿದೆ.

ಎಲ್ಲ ಹೀಗೇ ಆಯಿತು ಎಂದಲ್ಲ. ಎಂಪಿಎಲ್‌ಎಸ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜುಲೈನಲ್ಲಿ ಎರಡು ವಾರ ಭಾಯಿಗೆ ರಜೆಯೇ ಸಿಗಲಿಲ್ಲ, ಫೋನಿನಲ್ಲೇ ಪಾಠ ನಡೆಯಿತು. ನನ್ನ ಮೊದಲ ಕಿರುಪರೀಕ್ಷೆಯಲ್ಲಿ ಎಕನಾಮಿಕ್ಸ್ ಅಂಕ ಇಳಿದು, ಕ್ಲಾಸ್ ಟೀಚರ್ ಮನೆಗೆ ಫೋನ್ ಮಾಡಿದರು. ಗೆಳತಿಯರು ಕೋಚಿಂಗ್ ಬ್ಯಾಚಿನ ನೋಟ್ಸ್ ಗ್ರೂಪಿನಲ್ಲಿ ಹಾಕಿದಾಗ ತೆರೆದು ನೋಡದೆ ಮೊಬೈಲ್ ಮಗುಚಿಟ್ಟ ದಿನಗಳೂ ಇವೆ.

ಆಗಸ್ಟ್‌ನಲ್ಲಿ ಎರಡನೇ ಸಲ. ಮನೆಯಿಂದಲೂ ಬರೆಯಬಹುದು, ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಇರಬೇಕು, ಯಾರೂ ಒಳಗೆ ಬರುವಂತಿಲ್ಲ. ನಮ್ಮ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ, ಅದು ಅಡುಗೆಮನೆಗೆ ಹೋಗುವ ದಾರಿ. ಹಾಗಾಗಿ ಬೆಂಗಳೂರಿನ ಕೇಂದ್ರದಲ್ಲೇ ಬರೆದ. ಸಂಜೆ ಫೋನ್ ಬಂತು. 'ಆಯ್ತು' ಎಂದ. ಏನಾಯ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ, ಮೊಬೈಲ್ ಅಬ್ಬಾಗೆ ಕೊಟ್ಟೆ. ಪಾಸ್. ಅಬ್ಬಾ ಅಲ್ಹಮ್ದುಲಿಲ್ಲಾಹ್ ಎಂದರು. ಸರ್ಟಿಫಿಕೇಟಿಗೆ ಮೂರು ವರ್ಷ ಮಾತ್ರ ಅವಧಿ ಎಂದು ಭಾಯಿ ಹೇಳಿದ್ದಕ್ಕೆ, 'ಮೂರೇ ವರ್ಷವಾ? ನನ್ನ ಡ್ರೈವಿಂಗ್ ಲೈಸೆನ್ಸೇ ಇದಕ್ಕಿಂತ ವಾಸಿ' ಎಂದೂ ಅಂದರು.

ಭಾಯಿ ತಿಂಗಳಿಗೆ ನಾಲ್ಕು ಸಾವಿರದಂತೆ ನನ್ನ ದುಡ್ಡು ಹಿಂದಿರುಗಿಸುತ್ತಿದ್ದಾನೆ. ಅದೂ ಅದೇ ಲೆಡ್ಜರ್‌ನಲ್ಲಿದೆ. ಎರಡು ಕಂತು ಬಂದಿದೆ. ನಾನು ತಡವಾಗಿ ಬ್ಯಾಚ್ ಸೇರಿದ್ದೇನೆ, ಲಾ ಪೇಪರಿನಲ್ಲಿ ಬಹಳ ಹಿಂದಿದ್ದೇನೆ. ಅವನ ಗುತ್ತಿಗೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಕಳೆದ ಶನಿವಾರ ಅವನು ಊರಿಗೆ ಬಂದಿದ್ದ. ರಾತ್ರಿ ಎರಡೂಕಾಲಿಗೆ ಅವನ ಮೊಬೈಲ್ ಬಡಿದುಕೊಂಡಿತು. ಮೇಲಿನವರು ಯಾರೋ ರಜೆಯಲ್ಲಿದ್ದರಂತೆ, ಪಾಳಿಯಲ್ಲಿದ್ದ ಹುಡುಗ ಭಾಯಿಗೇ ಫೋನ್ ಮಾಡಿದ್ದ. ಅಮ್ಮಿ ಗೊಣಗುತ್ತಾ ಮಗ್ಗುಲಾದರು. ಭಾಯಿ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಹೋಗಿ ಕೂತ. ಯಾವುದೋ ಊರಿನ ಶಾಖೆ ಕೆಂಪಾಗಿತ್ತು. ನಾನು ಪರದೆ ಸರಿಸಿ ಮೆಲ್ಲಗೆ ಕೇಳಿದೆ, 'ಕೈಕು, ಭಾಯಿ?'

'ಇನ್ನೂ ಗೊತ್ತಿಲ್ಲ' ಎಂದ. 'ನೋಡ್ತಿದ್ದೀನಿ. ನೀನು ಮಲ್ಕೋ.'